ಊದಿದ ತೋಳು, ರಾಗಿ ಮುದ್ದೆ

ಹುಣಸಮಾರನಹಳ್ಳಿಯ ಬ್ಯಾಟರಾಯಪ್ಪನಿಗೆ ಹಿಂದಿನ ಜನ್ಮದ ಪಾಪ ಬೆನ್ನು ಹತ್ತಿತ್ತು. ಇಲ್ಲದಿದ್ದರೆ ಸರ್ಕಾರದಲ್ಲಿ ಅಷ್ಟೊಂದು ಕೆಲಸಗಳಿರುವಾಗ, ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದಾಕು ಹಾಕುವ ಕೆಲಸವೇ ಅವನಿಗೇಕೆ ಸಿಗಬೇಕಿತ್ತು? ಮಕ್ಕಳನ್ನಾದರೆ ಬೆಲ್ಲ ತೋರಿಸಿ ಹಿಡಿಯಬಹುದು. ದೊಡ್ಡವರನ್ನು ಹಿಡಿಯುವುದು ಹೇಗೆ? ಅವನ ಖಾಕಿ ಚೀಲ ಕಂಡರೆ ಸಾಕು, ಗಂಡಸರೆಲ್ಲ ರಾಗಿ ಹೊಲದಲ್ಲಿ ಅಂತರ್ಧಾನರಾಗುತ್ತಿದ್ದರು. (ಅವನ ಸ್ವಂತ ಸೋದರಮಾವನೇ ಹುಲ್ಲಿನ ಮೆದೆಯೊಳಗೆ ಅವಿತು, ಸೀನಿ ಸಿಕ್ಕಿಬಿದ್ದಿದ್ದ.)

ಅಷ್ಟರಲ್ಲಿ ಯಲಹಂಕದ ಡಾಕ್ಟರು ಬ್ರಹ್ಮಾಸ್ತ್ರ ಬಿಟ್ಟರು. "ದೀಪಾವಳಿ ಒಳಗೆ ನಿಮ್ಮೂರಿನ ದೊಡ್ಡವರಿಗೆಲ್ಲ ದಾಕು ಆಗ್ಬೇಕು. ಇಲ್ದಿದ್ರೆ ನಿಮಗೆ ಪಾವಗಡಕ್ಕೆ ವರ್ಗ."

ಹೆಂಡತಿ ರಾಮಲಕ್ಷ್ಮಮ್ಮ ಸುದ್ದಿ ಕೇಳಿ ಕಣ್ಣೀರೇನೂ ಹಾಕಲಿಲ್ಲ. "ಹೋಗ್ಬನ್ನಿ. ನಾನೂ ಎಮ್ಮೇನೂ ಇಲ್ಲೇ ಇರ್ತೀವಿ."

"ಮೊದ್ಲು ನೀನಾದ್ರೂ ದಾಕು ಹಾಕಿಸ್ಕೊಳ್ಳೇ."

"ತೋಳು ಊದ್ಕೊಂಡ್ರೆ ಮುದ್ದೆ ಯಾರು ತಿರುವ್ತಾರೆ, ನೀವಾ?"

ಊರಿನ ಹೆಂಗಸರೆಲ್ಲರ ಬಾಯಲ್ಲೂ ಇದೇ ಮಾತು. ಮುದ್ದೆ ತಿರುವಲು ಎರಡು ತೋಳಿನ ಬಲವೂ ಬೇಕು; ದಾಕು ಹಾಕಿದ ತೋಳೋ, ಮುಟ್ಟಿದರೆ ಜೀವ ಹೋಗುತ್ತದೆ. ಹತಾಶನಾದ ಮನುಷ್ಯನಿಗೆ ಬುದ್ಧಿ ಹೊಳೆಯುತ್ತದೆ, ಹೆಚ್ಚಾಗಿ ಕೆಟ್ಟ ಬುದ್ಧಿ. ಬ್ಯಾಟರಾಯಪ್ಪ ಅರಳಿಕಟ್ಟೆ ಹತ್ತಿ ಸಾರಿಯೇಬಿಟ್ಟ: ದಾಕು ಹಾಕಿಸಿಕೊಂಡ ಹೆಂಗಸು ತೋಳಿನ ನೋವು ಹೋಗುವವರೆಗೆ ಮುದ್ದೆ ಕೋಲು ಮುಟ್ಟಕೂಡದು, ಮನೆಯ ಗಂಡಸೇ ತಿರುವಬೇಕು, ಇದು ಡಾಕ್ಟರ ಆಜ್ಞೆ. (ಡಾಕ್ಟರಿಗೆ ಇದರ ಗಂಧಗಾಳಿಯೂ ಇರಲಿಲ್ಲ.)

ಮೊದಲು ತೋಳು ಚಾಚಿದವಳು ರಾಮಲಕ್ಷ್ಮಮ್ಮ. ಮರುದಿನ ಹೆಂಗಸರ ಸಾಲು ಕಟ್ಟೆಯಿಂದ ಬಾವಿಯವರೆಗೆ ಬೆಳೆಯಿತು. ಮುದುಕಿ ಮುನಿಗಂಗಮ್ಮನಂತೂ, "ನಂಗೆ ಎಲ್ಡು ತೋಳ್ಗೂ ಆಕ್ಬುಡಪ್ಪ" ಎಂದಳು.

ಬ್ಯಾಟರಾಯಪ್ಪನ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಹೆಂಗಸರ ಗುಳ್ಳೆ ಒಣಗಿ ಉದುರಿದರೂ ನೋವು ಮಾತ್ರ ಹೋಗಲೊಲ್ಲದು. ಅವನ ಮನೆಯಲ್ಲೂ ಅವನೇ ಮುದ್ದೆ ಕೋಲು ಹಿಡಿದು ಬೆವರುತ್ತಿದ್ದ. ಇನ್ನು ಗಂಡಸರ ಸರದಿ ಎಂದು ಚೀಲ ಬಿಚ್ಚಿದರೆ, ಊರ ಹಿರಿಯ ಕದಿರಪ್ಪ ಎದ್ದು ನಿಂತ. ಅವನ ಮೀಸೆಗೆ ರಾಗಿ ಹಿಟ್ಟು ಮೆತ್ತಿತ್ತು.

"ನಮ್ಗೂ ಆಕ್ಬುಟ್ರೆ ಮುದ್ದೆ ಯಾರ್ ತಿರುವ್ತಾರೆ, ನಿಮ್ಮಪ್ಪನಾ?"

ಬ್ಯಾಟರಾಯಪ್ಪ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ದೀಪಾವಳಿ ಹತ್ತಿರವಾಗಿತ್ತು. ಪಾವಗಡದ ಬಿಸಿಲು ನೆನೆದು ಅವನಿಗೆ ಅಳು ಬಂತು.

"ದಾಕಿನ ತೋಳಲ್ಲೂ ತಿರುವ್ಬೋದು ಕಣಪ್ಪ. ನಾನೇ ಹಾಕಿಸ್ಕೊಂಡು, ಊದಿದ ದಿನ ಇಲ್ಲೇ ತಿರುವಿ ತೋರಿಸ್ತೀನಿ."

"ಬಲದ ತೋಳ್ಗೇ ಆಕಿಸ್ಕೋಬೇಕು. ಮುದ್ದೇಲಿ ಒಂದು ಗಂಟೂ ಇರ್ಬಾರ್ದು. ಅಂಗಾದ್ರೆ ನಾವೂ ಆಕಿಸ್ಕೋತೀವಿ" ಎಂದ ಕದಿರಪ್ಪ.

ಬ್ಯಾಟರಾಯಪ್ಪ ಡಾಕ್ಟರಿಂದ ಬಲತೋಳಿಗೇ ಹಾಕಿಸಿಕೊಂಡ. ತೋಳು ಊದಿತು, ಜ್ವರ ಬಂತು. ಆ ಜ್ವರದಲ್ಲೇ ಊರ ಮುಂದೆ ಒಲೆ ಹೂಡಿ, ಹಲ್ಲು ಕಚ್ಚಿ, ಕುಲದೇವರನ್ನೆಲ್ಲ ನೆನೆಯುತ್ತ ತಿರುವಿದ. ಕದಿರಪ್ಪ ಮುದ್ದೆ ಮುರಿದು ನೋಡಿದ. ಗಂಟಿರಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಗಂಡಸರು ಒಬ್ಬೊಬ್ಬರಾಗಿ ಅಂಗಿ ಕಳಚಿದರು. ಪಾವಗಡ ತಪ್ಪಿತು.

ಮನೆಗೆ ಬಂದು ಜಗಲಿಯ ಮೇಲೆ ಉರುಳಿಕೊಂಡ ಗಂಡನ ಪಕ್ಕ ರಾಮಲಕ್ಷ್ಮಮ್ಮ ಕೂತು, ಅವನ ತೋಳಿಗೆ ಗಾಳಿ ಬೀಸಿದಳು. ಎಷ್ಟೋ ದಿನದ ಮೇಲೆ ಅವನ ಮನಸ್ಸು ತಣ್ಣಗಾಯಿತು.

"ಊದಿದ ತೋಳಲ್ಲೇ ಇಷ್ಟು ನುಣ್ಣಗೆ ಬರತ್ತಲ್ರೀ" ಎಂದಳು ಅವಳು. "ವಾಸಿ ಆದ್ಮೇಲೆ ಇನ್ನೆಷ್ಟು ಚೆನ್ನಾಗಿರತ್ತೋ. ಇನ್ಮೇಲೆ ದಿನಾ ನೀವೇ ತಿರುವಿ."

ಮರುದಿನ ಬೆಳಿಗ್ಗೆಯೇ ಬ್ಯಾಟರಾಯಪ್ಪ ಯಲಹಂಕಕ್ಕೆ ಹೋಗಿ ಡಾಕ್ಟರ ಮುಂದೆ ಕೈಮುಗಿದು ನಿಂತ. "ಸ್ವಾಮಿ, ಪಾವಗಡದ ಜಾಗ ಇನ್ನೂ ಖಾಲಿ ಇದ್ಯಾ?"

"ನಿಮ್ಮಂಥೋರನ್ನ ಬಿಡೋದುಂಟೇನ್ರೀ" ಎಂದರು ಡಾಕ್ಟರು. "ನಾಳೆಯಿಂದ ಚಿಕ್ಕಜಾಲಾನೂ ನೀವೇ ನೋಡ್ಕೊಳ್ಳಿ. ಅಲ್ಲಿ ಹೆಂಗಸ್ರು ಆಗ್ಲೇ ಸಾಲು ನಿಂತಿದಾರಂತೆ. ಗಂಡಸ್ರೂ ನಿಮ್ಮನ್ನೇ ಹುಡುಕ್ತಾ ಇದಾರಂತೆ, ಒಬ್ಬೊಬ್ಬರ ಕೈಲೂ ಮುದ್ದೆ ಕೋಲು."