ಸೊಪ್ಪು ತಿಂದವರ ಕಿವಿ

ನಮ್ಮ ಸೋದರತ್ತೆ ಯಾವ ಮಗುವಿಗೂ ‘ಊಟ ಮಾಡು’ ಎಂದವರಲ್ಲ. ಬೇಕಾದರೆ ‘ನಿನಗಿದು ಬ್ಯಾಡ ಬುಡು’ ಎಂದು ತಟ್ಟೆಯನ್ನೇ ಎಳೆದುಕೊಳ್ಳುವವರು! ಹಾಗಿದ್ದೂ ದಬ್ಬೇಘಟ್ಟದ ಹತ್ತಿರದ ಅವರ ಮನೆಯಲ್ಲಿ ಬೇಸಿಗೆ ರಜೆ ಕಳೆಯುತ್ತಿದ್ದ ನಾವು ಏಳು ಮಕ್ಕಳು ನುಗ್ಗೆಸೊಪ್ಪು, ಹುರುಳಿಕಾಳು, ಹಾಗಲಕಾಯಿ ಎಲ್ಲವನ್ನೂ ತಟ್ಟೆ ನೆಕ್ಕಿ ತಿನ್ನುತ್ತಿದ್ದೆವೆಂದರೆ ನಂಬುತ್ತೀರಾ? ಅದೇ ನಾನು ಇವತ್ತು ನನ್ನ ಮಗಳ ಬಾಯಿಗೆ ಒಂದು ತುತ್ತು ಪಲ್ಯ ಇಡಬೇಕಾದರೆ ಮೊಬೈಲಿನಲ್ಲಿ ಎರಡು ಕಾರ್ಟೂನ್ ತೋರಿಸಬೇಕು.

ಅತ್ತೆಯ ಮಂತ್ರವೆಲ್ಲ ಇದ್ದದ್ದು ಅಟ್ಟದ ಮೇಲೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಸದ್ದು. ಆ ಸದ್ದು ಕೇಳಲು ನಾವು ಜೀವ ಬಿಡುತ್ತಿದ್ದೆವು. ಅತ್ತೆಯ ಪ್ರಕಾರ ಸೊಪ್ಪು ತಿನ್ನದವರ ಕಿವಿಗೆ ಅದು ಕೇಳುವುದೇ ಇಲ್ಲ! ಯಾವ ಡಾಕ್ಟರು ಹೇಳಿದರೋ, ನನ್ನನ್ನು ಕೇಳಬೇಡಿ. ತಟ್ಟೆ ಖಾಲಿ ಮಾಡಿದವರಿಗೆ ಮಾತ್ರ ಏಣಿ ಹತ್ತುವ ಭಾಗ್ಯ.

ಈ ಕಾನೂನಿಗೆ ಮಾವನವರೂ ಹೊರತಲ್ಲ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ನೋಡಿ ನೋಡಿಯೇ ತಲೆ ನರೆತವರು, ಪಾಪ, ಒಮ್ಮೆ ಹಾಗಲಕಾಯಿ ಹೋಳನ್ನು ತಟ್ಟೆಯ ಅಂಚಿಗೆ ಸರಿಸಿಬಿಟ್ಟರು. “ಇವತ್ತು ನಿಮ್ ಕಿವಿ ಮಂದ ಕಣ್ರೀ, ಕಾಯಿ ಮಕ್ಳು ನೋಡ್ಕತಾರೆ” ಎಂದರು ಅತ್ತೆ. ಮಾವ ಆ ಹೋಳನ್ನು ಮಾತ್ರೆ ನುಂಗಿದಂತೆ ನುಂಗಿ ಏಣಿ ಹತ್ತಿದರು.

ಏಳು ವರ್ಷದ ನಾನು ಒಂದು ದಿನ ಬುದ್ಧಿವಂತನಾದೆ. ಸೊಪ್ಪನ್ನೆಲ್ಲ ಒರಳುಕಲ್ಲಿನ ಹಿಂದೆ ಸುರಿದು, ಖಾಲಿ ತಟ್ಟೆ ತೋರಿಸಿದೆ. ಅತ್ತೆ ತಾವೇ ಒಂದು ಕಾಯಿ ಆರಿಸಿ ಕೈಗಿಟ್ಟರು. ಅಲ್ಲಾಡಿಸಿದೆ. ಲೊಡಲೊಡ ಇಲ್ಲ! ಕೇಳಲಿಲ್ಲ ಎಂದರೆ ಸೊಪ್ಪು ತಿಂದಿಲ್ಲ ಎಂದು ಒಪ್ಪಿಕೊಂಡಂತಾಯಿತಲ್ಲ? ಜೋರಾಗಿ ಕೇಳಿಸಿತು ಎಂದುಬಿಟ್ಟೆ. ಅತ್ತೆ ನಿಧಾನವಾಗಿ ಸಿಪ್ಪೆ ಸುಲಿದು, ಮಚ್ಚಿನಿಂದ ಒಂದೇಟು ಹಾಕಿದರು. ಹಸಿ ಕಾಯಿ, ನೀರೆಲ್ಲ ನನ್ನ ಕಾಲ ಮೇಲೆ.

“ಕಾಯಿ ಸುಳ್ಳು ಹೇಳಲ್ಲ ಕಣ್ಲಾ,” ಎಂದರು. ಅವತ್ತು ಸಂಜೆ ನಾನು ಎರಡು ಪಾಲು ಸೊಪ್ಪು ತಿಂದೆ, ಒರಳುಕಲ್ಲಿನ ಹಿಂದೆಯೂ ನಾನೇ ಗುಡಿಸಿದೆ.

ಹೋದ ತಿಂಗಳು ಅತ್ತೆಯ ಸೊಸೆ ಫೋನ್ ಮಾಡಿದರು. ಜ್ವರ ಬಂದು ಹೋದಮೇಲೆ ಅತ್ತೆ ಊಟ ಬಿಟ್ಟಿದ್ದಾರೆ, ಹೀಗೇ ಆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಮಗಳನ್ನು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಈ ಕಥೆಗಳನ್ನೆಲ್ಲ ಹೇಳಿದೆ.

ಅತ್ತೆ ಹಾಸಿಗೆಯಲ್ಲಿ ಮುದುರಿಕೊಂಡಿದ್ದರು. ಕಿವಿ ಹೋಗಿ ವರ್ಷಗಳಾಗಿದ್ದವು, ಹತ್ತಿರ ಹೋಗಿ ಕೂಗಿದರಷ್ಟೇ ಅಷ್ಟಿಷ್ಟು ಕೇಳುತ್ತಿತ್ತು. ಸೊಸೆ, ಮಗ, ನಾನು ಸರದಿಯಲ್ಲಿ ಗೋಗರೆದರೂ ರಾಗಿ ಗಂಜಿಯ ಲೋಟವನ್ನು ಕೈಯಿಂದ ತಳ್ಳಿದರು. ಅಷ್ಟರಲ್ಲಿ ಮಗಳು ಅಂಗಳದ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು ಬಂದು, ಅವರ ಕಿವಿಗೆ ಬಾಯಿ ಇಟ್ಟು ಕೂಗಿದಳು: “ಗಂಜಿ ಕುಡುದ್ರೆ ಇದು ಕೇಳ್ಸುತ್ತೆ ಅಜ್ಜಿ.”

ಅತ್ತೆ ಅವಳನ್ನೇ ನೋಡಿದರು. ಆಮೇಲೆ ನನ್ನನ್ನು. ಲೋಟಕ್ಕೆ ಕೈ ಚಾಚಿದರು. ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಮಗಳು ಕಾಯನ್ನು ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ನೀರು ಕುಲುಕಿದ್ದು ಸ್ಪಷ್ಟವಾಗಿ ಕೇಳಿಸಿತು.

“ಕೇಳುಸ್ತು ಕಣವ್ವ,” ಎಂದರು ಅತ್ತೆ. “ಒಳ್ಳೆ ಕೊಬ್ಬರಿ. ಎಲ್ಲಿ, ಈಗ ನಿನ್ ತಟ್ಟೆ ತತ್ತಾ.”

ಮಗಳು ಪಲ್ಯ ತಿನ್ನುತ್ತಿರುವಾಗ ನಾನು ಆ ಹಸಿ ಕಾಯನ್ನು ಅಟ್ಟಕ್ಕೆ ಒಯ್ದು, ಒಂದು ಮೂಲೆಯಲ್ಲಿ ಬೇರೆಯಾಗಿ ಇಟ್ಟು ಬಂದೆ. ಅದು ಒಣಗಿ ಲೊಡಲೊಡ ಎನ್ನಲು ಇನ್ನೊಂದು ವರ್ಷ ಬೇಕು. ಅಲ್ಲಿಯವರೆಗೆ ನಮ್ಮತ್ತೆ ಇರಲಿ. ‘ಒಳ್ಳೆ ಕೊಬ್ಬರಿ’ ಎಂದು ಅವರು ಹೇಳಿದ ಆ ಸುಳ್ಳು ನಿಜವಾಗಲಿ.