ಗೋಡೆಯ ಮಾಡದಲ್ಲಿ ಕುಳಿತ ರೂಟರ್ ಸಾಹೇಬರಿಗೆ

ಬೈಲಹೊಂಗಲದಿಂದ, ಹೊಲಿಗೆ ಯಂತ್ರದ ಪಕ್ಕದಿಂದ

ಮಾನ್ಯ ರೂಟರ್ ಸಾಹೇಬರೇ,

ಎರಡು ಕೊಂಬು, ನಾಲ್ಕು ದೀಪಗಳಿಂದ ಶೋಭಿಸುವ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ತಮ್ಮ ಕರೆಂಟಿನ ವೈರಿಗೆ, ಟೇಲರ್ ರಹಿಮಾನಸಾಬನ ಅನಂತ ಸಲಾಮುಗಳು.

ಪಕ್ಕದ ಮನೆಯ ಯಶೋಧಾಬಾಯಿಯವರು ತಾವಾಗಿಯೇ ಪಾಸ್‌ವರ್ಡ್ ಕೊಟ್ಟು ಹಂಚಿಕೊಂಡ ವೈಫೈಯನ್ನು ಗೋಡೆಯಾಚೆಯಿಂದ ಹಿಡಿದು ನಮಗೆ ದಾಟಿಸುವುದಷ್ಟೇ ತಮ್ಮ ಕೆಲಸ. ಅಷ್ಟಕ್ಕಾಗಿ ತಮ್ಮನ್ನು ಗೋಡೆಯ ಗೂಡಿನಂಥ ಮಾಡದಲ್ಲಿ ಕೂರಿಸಲು ನನ್ನ ಹೆಂಡತಿ ಖತಿಜಾಬಿ ತವರಿನ ಗಡಿಯಾರವನ್ನೇ ಕೆಳಗಿಳಿಸಿದಳು.

ಕಳೆದ ತಿಂಗಳು ಯಶೋಧಾಬಾಯಿಯವರ ಜಂಪರಿನ ತೋಳು ಎರಡು ಬೆರಳು ಗಿಡ್ಡವೆಂದು ವಾಪಸು ಬಂತು. ಅಳತೆ ಸರಿಯಿದೆಯೆಂದು ನಾನು ಪಟ್ಟು ಹಿಡಿದೆ. ಎರಡೂ ಮನೆಗಳ ಮಾತು ನಿಂತಿತು, ಸಾರಿನ ಬಟ್ಟಲುಗಳ ಓಡಾಟವೂ ನಿಂತಿತು. ತಾವು ಮಾತ್ರ ಮಾತು ಬಿಟ್ಟವರ ವೈಫೈಯನ್ನು ನಾಚಿಕೆಯಿಲ್ಲದೆ ತಂದುಕೊಟ್ಟಿರಿ, ನಾವೂ ನಾಚಿಕೆಯಿಲ್ಲದೆ ಬಳಸಿದೆವು. ಈ ಜಾಣತನಕ್ಕೆ ತಮಗೆ ಶಾಲು ಹೊದಿಸಬೇಕೆಂದಿದ್ದೆ.

ಆದರೆ ಮೊನ್ನೆ, ಮಗಳು ಹಿನಾಕೌಸರ ನರ್ಸಿಂಗ್ ಸೀಟಿಗೆ ಕಾಲೇಜುಗಳ ಆಯ್ಕೆ ತುಂಬುವ ಕೊನೆಯ ದಿನ, ಗಡುವಿಗೆ ಇಪ್ಪತ್ತೇ ನಿಮಿಷವಿದ್ದಾಗ ತಾವು ಕೈಯೆತ್ತಿದಿರಿ. ಮೊಬೈಲಿನ ನೆಟ್ಟಂತೂ ನಮ್ಮ ಓಣಿಯ ಮುಖ ನೋಡಿದ್ದಿಲ್ಲ. ಮಣ್ಣಿನ ಗೋಡೆ ದಪ್ಪವೆನ್ನುತ್ತೀರೇನು? ಕುಣಿಯಲಾರದವರಿಗೆ ನೆಲ ಡೊಂಕು. ಅದರ ಹಿಂದಿನ ದಿನವೂ ಅದೇ ಗೋಡೆಯಿತ್ತು. ಮಗಳು ಅಳತೊಡಗಿದಳು. ಹಟ ಬಿಟ್ಟು ನಾನೇ ಅವಳನ್ನು ಕರೆದುಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ಬಡಿದೆ.

"ಲಗೂನ ಒಳಗ ಬಾರವ್ವಾ ಹಿನಾ," ಎಂದು ಅವಳನ್ನು ಕೂರಿಸಿದ ಯಶೋಧಾಬಾಯಿ ನನ್ನತ್ತ ತಿರುಗಿ, "ರಹಿಮಾನಣ್ಣಾ, ನನ್ನ ಸಿಟ್ಟು ನಿಮ್ಮ ಮ್ಯಾಲೆ ಐತಿ, ಹುಡುಗಿ ಮ್ಯಾಲಲ್ಲ. ಪಾಸ್‌ವರ್ಡ್ ಬದ್ಲಿ ಮಾಡೂದಿದ್ರ ಅವತ್ತ ಮಾಡ್ತಿದ್ದೆ," ಎಂದರು. ಗಡುವಿಗೆ ಮೂರು ನಿಮಿಷವಿರುವಾಗ ಕೆಲಸ ಮುಗಿಯಿತು. ನಾನು ಮಾತ್ರ ಅವರ ಮನೆಯ ಚಹಾ ಹಿಡಿದು ತಲೆಯೆತ್ತಲಾರದೆ ಕುಳಿತಿದ್ದೆ.

ಆದಕಾರಣ ತಾವು ಇನ್ನು ಮುಂದೆ ಕೈಕೊಡುವ ಮುನ್ನಾದಿನ ಓಣಿಯಲ್ಲಿ ಡಂಗುರ ಸಾರಿಸಬೇಕು. ಹಾಗೆಯೇ ಒಮ್ಮೆ ಗೋಡೆ ದಾಟಿ ಹೋಗಿ, ನನ್ನ ಬಾಯಿಂದ ಇನ್ನೂ ಹೊರಡದ ಕ್ಷಮಾಪಣೆಯನ್ನು ಅವರಿಗೆ ತಲುಪಿಸಿ ಬರಬೇಕು.

ಬೇರೆ ಗತಿಯಿಲ್ಲದೆ ತಮ್ಮ ವಿಶ್ವಾಸಿಯಾಗಿರುವ
ಟೇಲರ್ ರಹಿಮಾನಸಾಬ

ತಾ.ಕ.: ಬಟ್ಟೆಯ ಧೂಳು ಬೀಳದಿರಲೆಂದು ಅಂದು ತಮ್ಮ ಮೇಲೆ ಸ್ಟೀಲಿನ ಬೋಗುಣಿ ಬೋರಲು ಹಾಕಿದ್ದು ನಾನೇ ಅಂತೆ, ಖತಿಜಾಬಿ ಅದನ್ನೆತ್ತಿದ ಕೂಡಲೇ ನೆಟ್ ಬಂತಂತೆ. ವಾಪಸು ಬಂದ ಜಂಪರನ್ನೂ ನಿನ್ನೆ ಅಳೆದು ನೋಡಿದೆ. ತೋಳು ಎರಡಲ್ಲ, ಎರಡೂವರೆ ಬೆರಳು ಗಿಡ್ಡವಿದೆ. ಪತ್ರ ಬಹಿರಂಗವಾದರೂ ಇವೆರಡನ್ನು ಮಾತ್ರ ದಯವಿಟ್ಟು ಗೋಡೆಯಾಚೆ ದಾಟಿಸಬೇಡಿ.