ಇಸ್ತ್ರಿಯ ಇ

ಕನ್ನಡ ಮಾತನಾಡುವುದಕ್ಕೆ ನನಗೆ ಯಾವ ಭಯವೂ ಇಲ್ಲ. ತರಕಾರಿಯವರ ಜೊತೆ, ಆಟೋದವರ ಜೊತೆ, ಕೊನೆಗೆ ನಮ್ಮ ಅತ್ತೆಯವರ ಜೊತೆಯೂ ಮಾತನಾಡಿ ಗೆದ್ದಿದ್ದೇನೆ. ಬರೆಯುವುದೆಂದರೆ ಮಾತ್ರ ಅಂಗೈ ಬೆವರುತ್ತದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಮೂರನೆಯ ಭಾಷೆ. ವಾರಕ್ಕೆ ಎರಡೇ ಪೀರಿಯಡ್, ಅದರಲ್ಲೊಂದು ಥ್ರೋಬಾಲ್ ಪ್ರಾಕ್ಟೀಸಿಗೆ ಹೋಗುತ್ತಿತ್ತು. ಹಾಗಾಗಿ ನನ್ನ ಕಾಗುಣಿತಕ್ಕೆ ನಾನೇ ಒಂದಷ್ಟು ನಿಯಮ ಮಾಡಿಕೊಂಡಿದ್ದೆ. ಜನ ಬಾಯಲ್ಲಿ ಇಸ್ಕೂಲು ಎನ್ನುತ್ತಾರೆ, ಬರೆಯಬೇಕಾದದ್ದು ಸ್ಕೂಲು. ಇಸ್ಟೇಷನ್ನು ಎನ್ನುತ್ತಾರೆ, ಬರೆಯಬೇಕಾದದ್ದು ಸ್ಟೇಷನ್ನು. ಅಂದರೆ ಮೊದಲಿನ ಇ ಬಾಯಿಯ ಸೌಕರ್ಯಕ್ಕೆ ಮಾತ್ರ, ಕಾಗದದ ಮೇಲೆ ಅದಕ್ಕೆ ಜಾಗವಿಲ್ಲ. ಇದನ್ನು ಯಾವ ಮೇಷ್ಟರೂ ಕಲಿಸಿದ್ದಲ್ಲ, ನಾನೇ ಕಂಡುಹಿಡಿದದ್ದು. ಅದಕ್ಕೇ ಅದರ ಮೇಲೆ ಸ್ವಲ್ಪ ಮಮತೆ ಹೆಚ್ಚು.

ಕೊರೊನಾದ ಎರಡನೆಯ ಅಲೆ ಏಳುತ್ತಿದ್ದ ದಿನಗಳು ಅವು. ಜೆ.ಪಿ. ನಗರದ ನಮ್ಮ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮೂರನೆಯ ಮಹಡಿಯ ಒಂದು ಬಾಗಿಲಿಗೆ ಪಾಲಿಕೆಯವರು ಆಗಲೇ ಕ್ವಾರಂಟೈನ್ ಪಟ್ಟಿ ಅಂಟಿಸಿ ಹೋಗಿದ್ದರು. ರಸ್ತೆಯಲ್ಲಿ ಆಂಬ್ಯುಲೆನ್ಸ್‌ಗಳ ಕೂಗಿಗೆ ನಾನು ಕುಕ್ಕರಿನ ವಿಷಲ್ ಲೆಕ್ಕ ತಪ್ಪಿ ಬೇಳೆಯನ್ನು ಪಾಯಸ ಮಾಡಿಡುತ್ತಿದ್ದೆ. ಸರ್ಕಾರ ಇನ್ನೂ ಏನನ್ನು ಮುಚ್ಚಬೇಕು, ಏನನ್ನು ಬಿಡಬೇಕು ಎಂದು ಯೋಚಿಸುತ್ತಿತ್ತು. ನಮ್ಮ ಅಸೋಸಿಯೇಷನ್ನಿಗೆ ಅಷ್ಟು ತಾಳ್ಮೆ ಎಲ್ಲಿ? ಅಧ್ಯಕ್ಷರಾದ ನಾಗೇಂದ್ರರಾಯರು ಭಾನುವಾರ ಸಂಜೆ ವೀಡಿಯೊ ಮೀಟಿಂಗ್ ಕರೆದರು. ಚರ್ಚೆಗೆ ಒಂದೇ ವಿಷಯ: ಕೃಷ್ಣಪ್ಪ.

ಕೃಷ್ಣಪ್ಪ ನಮ್ಮ ಕಾಂಪೌಂಡಿನೊಳಗೆ, ಮೆಟ್ಟಿಲಿನ ಪಕ್ಕ, ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವವನು. ಸಾರಕ್ಕಿಯಿಂದ ಬರುತ್ತಾನೆ. ಕೆಂಡದ ಪೆಟ್ಟಿಗೆ, ಹಳೆಯ ಕಂಬಳಿ, ಹನ್ನೊಂದು ವರ್ಷದ ನಂಟು.

"ನೋಡಿ, ಹಾಲು, ತರಕಾರಿ, ಔಷಧಿ ಎಸೆನ್ಷಿಯಲ್ಲು. ಇಸ್ತ್ರಿ ನಾನ್ ಎಸೆನ್ಷಿಯಲ್ಲು," ಎಂದರು ರಾಯರು. "ಹದಿನಾರು ಮನೆ ಬಟ್ಟೆ ಒಂದೇ ಗಾಡಿ ಮೇಲೆ ಬೀಳುತ್ತೆ ಕಣ್ರೀ. ಅವನು ಎಲ್ಲರ ಬಾಗಿಲಿಗೂ ಹೋಗ್ತಾನೆ." ಹೀಗೆ ಹೇಳುವಾಗ ಅವರು ತೊಟ್ಟಿದ್ದ ಶರ್ಟಿನ ತೋಳಿನ ಮಡಿಕೆ ಎಷ್ಟು ಚೂಪಾಗಿತ್ತೆಂದರೆ ಅದರಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು.

"ಸಾರ್, ಅವನ ಹೊಟ್ಟೆಪಾಡು?" ಎಂದರು ನಮ್ಮವರು.

"ಎಕಾನಮಿ ಬಿದ್ರೆ ಆಮೇಲೆ ಎದ್ದೇಳುತ್ತೆ ರೀ. ನಾವು ಬಿದ್ರೆ ಏಳಲ್ಲ."

ನನಗೋ, ಯಾರು ಮಾತನಾಡಿದರೂ ಅವರದ್ದೇ ಸರಿ ಎನ್ನಿಸುವ ಕಾಯಿಲೆ. ರಾಯರು ಹೇಳಿದಾಗ ಮೂರನೆಯ ಮಹಡಿಯ ಕೆಮ್ಮು ಕಿವಿಯಲ್ಲಿ ಕೇಳಿಸಿತು. ನಮ್ಮವರು ಹೇಳಿದಾಗ ಕೃಷ್ಣಪ್ಪನ ಆರಿದ ಕೆಂಡ ಕಣ್ಣ ಮುಂದೆ ಬಂತು. ಎರಡೂ ಕಡೆಗೆ ತಲೆಯಾಡಿಸಿದೆ. ಆಡಿಸಿದರೂ ಯಾರಿಗೂ ಕಾಣುವಂತಿರಲಿಲ್ಲ. ನಾವು ಹೆಂಗಸರೆಲ್ಲ ಪರದೆಯ ಅಂಚಿನಲ್ಲಿ ಒಂದು ಕಿವಿ, ಅರ್ಧ ಜಡೆ ಅಷ್ಟೇ. ಗಂಡಸರು ಕೈಯೆತ್ತಿದರು, ನಿರ್ಣಯ ಪಾಸಾಯಿತು. ಕೃಷ್ಣಪ್ಪನಿಗೂ ವಾಚ್‌ಮನ್ನಿಗೂ ತಿಳಿಯಬೇಕಾದ್ದರಿಂದ ನೋಟಿಸ್ ಕನ್ನಡದಲ್ಲಿರಬೇಕು ಎಂದಾಯಿತು. "ನಿಮ್ಮ ಮಿಸೆಸ್ ಹ್ಯಾಂಡ್‌ರೈಟಿಂಗ್ ಮುತ್ತಿನ ಹಾಗಿದೆ, ಅವರೇ ಬರೀಲಿ," ಎಂದುಬಿಟ್ಟರು ರಾಯರು. ಮುತ್ತಿನಂಥ ಅಕ್ಷರ ನಿಜ. ಯಾವ ಅಕ್ಷರ ಎಂಬುದೇ ತೊಂದರೆ.

ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ, ದಪ್ಪ ಮಾರ್ಕರಿನಲ್ಲಿ ಬರೆಯಲು ಕುಳಿತೆ. ಕೃಷ್ಣಪ್ಪನ ಹೆಸರು ಬರೆಯಲು ಮನಸ್ಸಾಗಲಿಲ್ಲ. ಇಸ್ತ್ರಿಯವರು ಎಂದರೆ ಸಾಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ನಿಯಮ ನೆನಪಾಗಿ ಇ ಕತ್ತರಿಸಿದೆ. ಉಳಿದದ್ದು ಬೋಳುಬೋಳಾಗಿ ಕಂಡಿತು. ಒಂದು ದೀರ್ಘ ಎಳೆದೆ, ಲಕ್ಷಣವಾಯಿತು. 'ಸೋಂಕು ಹೆಚ್ಚುತ್ತಿರುವುದರಿಂದ ಇಂದಿನಿಂದ ಸ್ತ್ರೀಯವರಿಗೆ ಪ್ರವೇಶವಿಲ್ಲ.' ಸ್ತ್ರೀ ಎಂಬ ಪದವೇ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಗೊತ್ತಿತ್ತು. ನಾನೇ ಒಬ್ಬಳು. ಆದರೆ ಕನ್ನಡ ಬರೆಯುವಾಗ ನಾನು ಸಾರಕ್ಕಿ ಸಿಗ್ನಲ್ಲಿನಲ್ಲಿ ರಸ್ತೆ ದಾಟುವ ಹಾಗೆ ಒಂದೊಂದೇ ಅಕ್ಷರ ದಾಟುತ್ತೇನೆ. ಆಚೆ ತಲುಪಿದ ಮೇಲೆ ತಿರುಗಿ ನೋಡುವುದಿಲ್ಲ. ರಾಯರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಸಹಿ ಹಾಕಿದರು. ನೋಟಿಸ್ ಗೇಟಿಗೆ ಏರಿತು.

ಮರುದಿನ ಬೆಳಗ್ಗೆ ರಾಯರ ಪತ್ನಿ ಸುಲೋಚನಮ್ಮ ಕೊತ್ತಂಬರಿ ಸೊಪ್ಪು ಕೊಂಡು ವಾಪಸು ಬಂದವರು ಗೇಟಿನಲ್ಲೇ ನಿಂತರು. ನಿಲ್ಲಿಸಿದವನು ವಾಚ್‌ಮನ್ ಮಾದೇಗೌಡ.

"ಒಳಗ್ ಬಿಡಂಗಿಲ್ಲ ಕಣಮ್ಮ."

"ಯಾಕಪ್ಪಾ, ನನಗೇನ್ ಜ್ವರ ಬಂದಿದ್ಯಾ?"

"ಜ್ವರ ಅಲ್ಲಮ್ಮ, ಹೆಂಗಸ್ರು. ಯಜಮಾನ್ರೇ ಸೈನ್ ಹಾಕವ್ರೆ, ನೋಡಿ."

ಸುಲೋಚನಮ್ಮ ಎರಡು ಸಲ ಓದಿದರು. ಗೇಟಿನಾಚೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕುಳಿತರು. "ಮದುವೆ ಆದಾಗಿನಿಂದ ಇವರು ಕೊಟ್ಟ ಆರ್ಡರುಗಳಲ್ಲಿ ಇದೊಂದೇ ನನಗೆ ಇಷ್ಟ ಆಗಿದ್ದು. ಮೀರೋದು ಬೇಡ," ಎಂದರಂತೆ. ಹಾಲಿಗೆ ಹೋದವರು, ವಾಕಿಂಗ್ ಹೋದವರು, ಕಸ ಹಾಕಲು ಹೋದವರು ಒಬ್ಬೊಬ್ಬರಾಗಿ ಅಲ್ಲೇ ಉಳಿದರು. ಎಲ್ಲರ ಮೂಗಿನ ಮೇಲೂ ಮಾಸ್ಕ್, ನಡುನಡುವೆ ಒಂದೊಂದು ಮಾರು ಜಾಗ. ಗಲಾಟೆ ಏನೆಂದು ನೋಡಲು ಹೊರಗೆ ಕಾಲಿಟ್ಟ ನನ್ನನ್ನೂ ಮಾದೇಗೌಡ ವಾಪಸು ಬಿಡಲಿಲ್ಲ. ಹಗಲು ಬೆಳಕಿನಲ್ಲಿ ನನ್ನ ಅಕ್ಷರ ನೋಡಿದೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಅಷ್ಟರಲ್ಲಿ ಕೃಷ್ಣಪ್ಪ ಬಂದ. ತನ್ನನ್ನು ಬಿಡುವುದಿಲ್ಲವೆಂಬ ಸುದ್ದಿ ಅವನಿಗೆ ಹೇಗೋ ತಲುಪಿತ್ತು, ಮುಖ ಸಣ್ಣದಾಗಿತ್ತು. ನೋಟಿಸ್ ಓದಿ, ಮತ್ತೆ ಓದಿ, "ಗೌಡ್ರೇ, ಇದ್ರಲ್ಲಿ ನನ್ ವಿಷ್ಯನೇ ಇಲ್ವಲ್ಲ!" ಎಂದ. ಗೌಡನೂ ಯೋಚಿಸಿ, "ಹೌದಲ್ಲ, ನೀನು ಗಂಡ್ಸು, ಹೋಗು," ಎಂದ. ಹದಿನಾರು ಮನೆಯ ಹೆಂಗಸರು ಹೊರಗೆ, ಇಸ್ತ್ರಿಯವನು ಒಳಗೆ!

"ನಿನ್ನನ್ನ ಯಾಕೋ ಬಿಡಬಾರ್ದು?" ಸುಲೋಚನಮ್ಮ ಗೇಟಿನ ಕಂಬಿಗಳ ಸಂದಿಯಿಂದ ಕೇಳಿದರು. ಭಾನುವಾರ ಅವರು ಮೀಟಿಂಗ್ ಬಿಟ್ಟು ಒಬ್ಬಟ್ಟು ತಟ್ಟುತ್ತಿದ್ದರಂತೆ.

"ಸೋಂಕು ಅಂತೆ ಅಮ್ಮ. ಹೋದ್ ಸಲ ಮುಚ್ಚಿದಾಗ ಮೂರ್ ತಿಂಗ್ಳು ಊರಲ್ಲಿದ್ದೆ. ಬರೋಷ್ಟ್ರಲ್ಲಿ ಪಕ್ಕದ್ ಬೀದಿ ಮನೆಗಳೆಲ್ಲ ಬಟ್ಟೆ ಹಂಗೇ ಒದರಿ ಹಾಕ್ಕೊಳ್ಳೋದು ಕಲ್ತ್‌ಬಿಟ್ಟಿದ್ರು. ಉಳ್ದಿರೋದು ನೀವೇಯ. ಇದೂ ಹೋದ್ರೆ ಗಾಡಿ ಮಾರೋದೇ."

"ಮತ್ತೆ ಈ ಮನೆಗಳ ಶರ್ಟುಗಳನ್ನ ಯಾರು ತಿಕ್ಕೋದು?"

ಅಲ್ಲಿದ್ದ ಅಷ್ಟೂ ಹೆಂಗಸರ ತಲೆ ಒಟ್ಟಿಗೆ ಮೇಲಕ್ಕೆ ತಿರುಗಿತು. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ರಾಯರು.

"ಸುಲೂ, ಡಿಕಾಕ್ಷನ್ ಎಲ್ಲಿಟ್ಟಿದ್ದೀಯೇ? ಅಲ್ಲೇನ್ ಮಾಡ್ತಿದ್ದೀಯಾ?"

"ನಿಮ್ಮ ಆರ್ಡರ್ ಪಾಲಿಸ್ತಿದ್ದೀನಿ. ಸ್ತ್ರೀಯರಿಗೆ ಪ್ರವೇಶ ಇಲ್ಲ."

"ಅಯ್ಯೋ, ಅದು ಸ್ಪೆಲ್ಲಿಂಗ್ ಮಿಸ್ಟೇಕು! ಇಸ್ತ್ರಿ, ಇಸ್ತ್ರಿ!"

"ಮಿಸ್ಟೇಕ್ ಎಲ್ಲಿದೆ ರೀ? ಇಸ್ತ್ರಿಯವನನ್ನ ನಿಲ್ಸಿದ್ರೆ ಪೆಟ್ಟಿಗೆ ಯಾರ ಕೈಗೆ ಬರುತ್ತೆ? ಸರಿಯಾಗೇ ಬರ್ದಿದಾರೆ. ಅವನಿಗೆ ಅನ್ನ ಇಲ್ಲ, ನಮಗೆ ಸೊಂಟ ಇಲ್ಲ. ನಿಮ್ಮ ಎಕಾನಮಿಯಲ್ಲಿ ಇದೆಲ್ಲ ಬರಲ್ವಾ?"

ಬೆಂಚಿನ ಕಡೆಯಿಂದ ಚಪ್ಪಾಳೆ. ರಾಯರು ಕಂಬಿ ಹಿಡಿದು ನಿಂತರು. ಆಮೇಲೆ ಮೆಲ್ಲಗೆ, "ನಿನಗೆ ಶುಗರ್ ಇದೆ ಸುಲೂ. ನನಗೆ ಅದೊಂದೇ ಹೆದರಿಕೆ," ಎಂದರು. ಚಪ್ಪಾಳೆ ನಿಂತುಹೋಯಿತು. ಸುಲೋಚನಮ್ಮ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನೇ ನೋಡತೊಡಗಿದರು.

ಮತ್ತೆ ಎರಡೂ ಕಡೆ ಸರಿ. ಆದರೆ ಈ ಸಲ ನನಗೆ ತಲೆಯಾಡಿಸುತ್ತ ನಿಲ್ಲಲು ಆಗಲಿಲ್ಲ. ರಾಯರ ಬಾಲ್ಕನಿಯ ಕಂಬಿಗೆ ಸೊಪ್ಪಿನ ಚೀಲ ಇಳಿಬಿಡುವ ಹಗ್ಗ ಕಟ್ಟಿತ್ತು. ಅಂಥದ್ದು ಎಲ್ಲರ ಬಾಲ್ಕನಿಯಲ್ಲೂ ಇತ್ತು. "ಅಂಕಲ್," ಎಂದೆ, ನನ್ನ ಧ್ವನಿ ನನಗೇ ಹೊಸದು. "ಗಾಡಿ ಒಳಗೆ ಬೇಡ, ಈ ಮರದ ಕೆಳಗೇ ಇರಲಿ. ಅವನು ಯಾರ ಬಾಗಿಲಿಗೂ ಬರೋದು ಬೇಡ. ಬಟ್ಟೆ ಹಗ್ಗದಲ್ಲಿ ಇಳಿಯುತ್ತೆ, ಹಗ್ಗದಲ್ಲೇ ಹತ್ತುತ್ತೆ, ಮಾದೇಗೌಡ್ರು ಕಟ್ಟಿ ಕಳಿಸ್ತಾರೆ. ಮೂರನೇ ಮಹಡಿಯವರದ್ದು ಹುಷಾರಾದ್ಮೇಲೆ."

ರಾಯರು ಹಗ್ಗವನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಒಂದು ವಾರ ಟ್ರಯಲ್," ಎಂದರು.

ನಾನೇ ನೋಟಿಸ್ ಕಿತ್ತೆ. ಕೊತ್ತಂಬರಿ ಸೊಪ್ಪನ್ನು ಎತ್ತಿ ಹಿಡಿದು ಸುಲೋಚನಮ್ಮ ಮುಂದೆ, ನಾವೆಲ್ಲ ಹಿಂದೆ, ಒಳಗೆ ನಡೆದೆವು. ಮಾದೇಗೌಡ ಗೇಟಿನ ಎರಡೂ ಬಾಗಿಲು ತೆಗೆದ. ಹತ್ತು ನಿಮಿಷದಲ್ಲಿ ಬಾಲ್ಕನಿಗಳಿಂದ ಗಂಟುಗಳು ಇಳಿಯತೊಡಗಿದವು. ಹೊಂಗೆ ಮರದ ಕೆಳಗೆ ಕೃಷ್ಣಪ್ಪ ಕೆಂಡಕ್ಕೆ ಗಾಳಿ ಬೀಸುತ್ತಿದ್ದ.

ಒಂದು ವಾರದ ಟ್ರಯಲ್ ಇಂದಿಗೂ ಮುಗಿದಿಲ್ಲ. ನಾನು ಬೇಕೆಂದೇ ಇ ಬಿಟ್ಟೆ ಎಂದು ಇಡೀ ಅಪಾರ್ಟ್‌ಮೆಂಟ್ ನಂಬಿದೆ. "ಎಂಥಾ ತಲೆ ರೀ ನಿಮ್ದು!" ಎಂದು ಸುಲೋಚನಮ್ಮ ಹೊಗಳಿದಾಗ ನಾನು ವಿನಯದಿಂದ ನೆಲ ನೋಡಿದೆ, ಸುಳ್ಳನ್ನಂತೂ ಹೇಳಲಿಲ್ಲ. ಅದರ ಫಲವಾಗಿ ಈಗ ಅಸೋಸಿಯೇಷನ್ನಿನ ಕನ್ನಡ ಕಾರ್ಯದರ್ಶಿ ನಾನೇ. ನೀರಿನ ಟ್ಯಾಂಕ್ ತೊಳೆಯುವುದಿರಲಿ, ರಾಜ್ಯೋತ್ಸವವಿರಲಿ, ಬರೆಯುವವಳು ನಾನು. ಪ್ರತಿ ಸಲವೂ ಕರಡನ್ನು ನಾಲ್ಕಾಗಿ ಮಡಚಿ, ದಿಂಬಿನ ಕವರಿನೊಳಗೆ ಇಟ್ಟು ಕೃಷ್ಣಪ್ಪನ ಗಾಡಿಗೆ ಕಳಿಸುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಅವನು ಕನ್ನಡಕ್ಕೆ ಶಾಲೆಗೇ ಮೊದಲಿಗನಂತೆ. ಸಂಜೆ ಕಾಗದ ಪೆನ್ಸಿಲಿನ ಗುರುತುಗಳೊಂದಿಗೆ, ಒಂದು ಸುಕ್ಕೂ ಇಲ್ಲದೆ, ಬೆಚ್ಚಗೆ ವಾಪಸು ಬರುತ್ತದೆ. ಇತ್ತೀಚೆಗೆ ಮೂಲೆಯಲ್ಲಿ ಅಂಕವನ್ನೂ ಹಾಕಲು ಶುರುಮಾಡಿದ್ದಾನೆ. ಹೋದ ವಾರ ಹತ್ತಕ್ಕೆ ಏಳು ಬಂದಿದೆ.